ಬೀಪ್ ಆದ ಮೇಲೆ

2006ರ ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತಾ ಪ್ಯಾರೀಸ್ ಕಾರ್ನರ್‌ನಲ್ಲಿ ಬಸ್ಸಿಳಿದೆ. ಎಂಟೆಕ್ ಓದಲು ಚೆನ್ನೈಗೆ ಬಂದು ಏಳು ವರ್ಷವಾಗಿತ್ತು. ಆದರೂ ಕಂಡಕ್ಟರು "ಪ್ಯಾರೀಸ್, ಪ್ಯಾರೀಸ್" ಎಂದು ಕೂಗಿದಾಗಲೆಲ್ಲ ನನಗೆ ಫ್ರಾನ್ಸೇ ನೆನಪಾಗುತ್ತಿತ್ತು. ಅದು 1788ರಲ್ಲಿ ಮದರಾಸಿನಲ್ಲಿ ವ್ಯಾಪಾರ ಶುರುಮಾಡಿದ ಥಾಮಸ್ ಪ್ಯಾರಿ ಎಂಬ ವೆಲ್ಶ್ ವರ್ತಕನ ಹೆಸರು ಅಂತ ಗೊತ್ತಾದದ್ದು ತಡವಾಗಿ. ಪುಣ್ಯಾತ್ಮ ಸತ್ತು ನೂರೆಂಬತ್ತು ವರ್ಷವಾದರೂ ದಿನಕ್ಕೆ ಸಾವಿರ ಸಲ ಅವನ ಹೆಸರು ಹಿಡಿದು ಕೂಗುತ್ತಾರೆ. ಅವನು ಓಗೊಡುವುದಿಲ್ಲ, ಅಷ್ಟೇ.

ನಾನು ಹೊರಟಿದ್ದು ಅಲ್ಲಿಂದ ಬೀಚ್ ಸ್ಟೇಷನ್ ಕಡೆಗೆ ಉದ್ದಕ್ಕೂ ಸಾಲು ಹಿಡಿದಿರುವ ಬರ್ಮಾ ಬಜಾರಿಗೆ. ಬರ್ಮಾ ಬಿಟ್ಟು ಬಂದ ತಮಿಳರಿಗೆ ಬದುಕು ಕಟ್ಟಿಕೊಳ್ಳಲೆಂದು 1969ರಲ್ಲಿ ಹುಟ್ಟಿದ ಬಜಾರು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದಂಥ ಗೂಡಂಗಡಿಗಳು. ಒಳಗೆ ಕ್ಯಾಮೆರಾ, ಟೇಪ್‌ರೆಕಾರ್ಡರ್, ಸೆಂಟಿನ ಬಾಟಲು, ಎಲ್ಲ ಫಾರಿನ್ನು. ಅಲ್ಲಿ ನನಗೊಂದು ಕಾರ್ಡ್‌ಲೆಸ್ ಫೋನು ಬೇಕಿತ್ತು. ಅಂಗಡಿಯವನು ಕಪಾಟಿನ ಹಿಂದಿನಿಂದ ಒಂದನ್ನು ತೆಗೆದು, "ಸಾರ್, ಇದುಲೆ ಆನ್ಸರಿಂಗ್ ಮೆಷಿನ್ ಕೂಡ ಇರುಕ್ಕು" ಎಂದ. ಹಳೇ ಮಾಡೆಲ್ಲು, ಯಾರೋ ಬಳಸಿ ಬಿಟ್ಟದ್ದು. ಗ್ಯಾರಂಟಿ ಕೇಳಿದರೆ ನಕ್ಕ. ಅಮೆರಿಕದ ಸೆಟ್ಟಾದ್ದರಿಂದ ಅದರ ಅಡಾಪ್ಟರು 120 ವೋಲ್ಟಿನದು. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಹೊಗೆ ಬರುತ್ತದೆಂದು ಇಟ್ಟಿಗೆಯಷ್ಟು ಭಾರದ ಸ್ಟೆಪ್‌ಡೌನ್ ಒಂದನ್ನೂ ಕಟ್ಟಿಕೊಟ್ಟ. ಚೌಕಾಸಿ ಮಾಡಿ, ಗೆದ್ದೆನೆಂದುಕೊಂಡು ಮನೆಗೆ ತಂದೆ.

ಹದಿನಾರು ಗಂಟೆ ಚಾರ್ಜ್ ಮಾಡದೆ ಮುಟ್ಟಕೂಡದೆಂದು ಅದರ ಪುಸ್ತಿಕೆ ಹೇಳುತ್ತಿತ್ತು. ಮುಟ್ಟಲಿಲ್ಲ. ಆಮೇಲೆ ಟೋನ್ ಆರಿಸಿದ್ದು, ಎಷ್ಟು ರಿಂಗಿನ ನಂತರ ಯಂತ್ರ ಎತ್ತಬೇಕೆಂದು ಹೇಳಿಕೊಟ್ಟದ್ದು, ಬೇಸಿನ ಹೊಟ್ಟೆಯೊಳಗೆ ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಕೂರಿಸಿದ್ದು. ಕರೆಂಟು ಹೋದಾಗ ಸಂದೇಶಗಳು ಅಳಿಯದಂತೆ ಕಾಯುವುದು ಆ ಬ್ಯಾಟರಿಯ ಕೆಲಸ. 'ಟೋಲ್ ಸೇವರ್' ಎಂಬ ಜಾಣ ಏರ್ಪಾಡೂ ಇತ್ತು. ಹೊಸ ಸಂದೇಶ ಇದ್ದರೆ ಯಂತ್ರ ಎರಡನೇ ರಿಂಗಿಗೆ ಎತ್ತುತ್ತದೆ, ಇಲ್ಲದಿದ್ದರೆ ನಾಲ್ಕನೆಯದಕ್ಕೆ. ಹೊರಗಿನಿಂದ ನಮ್ಮ ಮನೆಗೆ ನಾವೇ ಫೋನು ಮಾಡಿ, ಮೂರನೇ ರಿಂಗು ಕೇಳಿಸಿದ ತಕ್ಷಣ ಇಟ್ಟುಬಿಟ್ಟರೆ ಸಂದೇಶವಿಲ್ಲವೆಂದು ಗೊತ್ತಾಯಿತು, ದುಡ್ಡೂ ಉಳಿಯಿತು. ಮಿಸ್ಡ್ ಕಾಲನ್ನು ಕಂಡುಹಿಡಿದವರು ನಾವೇ ಎಂದುಕೊಂಡಿದ್ದೆ; ಅಮೆರಿಕದವರೂ ಕಮ್ಮಿಯಿಲ್ಲ.

ಕಷ್ಟಕ್ಕೆ ಬಂದದ್ದು ಕೊನೆಯ ಕೆಲಸ: ಕರೆ ಮಾಡಿದವರಿಗೆ ಕೇಳಿಸಬೇಕಾದ ಮಾತನ್ನು ನನ್ನ ದನಿಯಲ್ಲಿ ತುಂಬುವುದು. "ನಾವು ಈಗ ಮನೆಯಲ್ಲಿಲ್ಲ" ಎಂದು ಶುರುಮಾಡಿದೆ. ಅಡುಗೆಮನೆಯಿಂದ ಹೆಂಡತಿ, "ಇದೀವಲ್ರೀ" ಎಂದಳು. ಅಳಿಸಿ, "ನಾವು ಈಗ ಫೋನಿನ ಹತ್ತಿರ ಇಲ್ಲ" ಎಂದೆ. ಕಾರ್ಡ್‌ಲೆಸ್ ತಂದದ್ದೇ ಸದಾ ಫೋನಿನ ಹತ್ತಿರ ಇರಲಿಕ್ಕೆ. ಮಾಳಿಗೆಯ ನೀರಿನ ಟ್ಯಾಂಕಿನ ತನಕ ಹ್ಯಾಂಡ್‌ಸೆಟ್ಟು ಕೆಲಸ ಮಾಡುತ್ತಿತ್ತು. ಒಂದೇ ಡಬ್ಬಿಯಲ್ಲಿ, ಎಲ್ಲಿದ್ದರೂ ಸಿಗುತ್ತೇನೆ ಎನ್ನುವ ಯಂತ್ರವೊಂದು, ಇದ್ದರೂ ಸಿಗುವುದಿಲ್ಲ ಎನ್ನುವ ಯಂತ್ರ ಇನ್ನೊಂದು. ಎರಡನ್ನೂ ನಾನೇ ದುಡ್ಡು ಕೊಟ್ಟು ತಂದಿದ್ದೆ.

ಕೊನೆಗೆ "ಈಗ ಫೋನು ಎತ್ತಲು ಆಗುತ್ತಿಲ್ಲ, ಬೀಪ್ ಆದ ಮೇಲೆ ಮಾತಾಡಿ" ಎಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹೇಳಿ ಮುಗಿಸಿದೆ. ಇದರಲ್ಲಿ ಸುಳ್ಳಿಲ್ಲ. ಆದರೆ 'ಆಗುತ್ತಿಲ್ಲ' ಎನ್ನುವುದಕ್ಕೂ 'ಎತ್ತುವುದಿಲ್ಲ' ಎನ್ನುವುದಕ್ಕೂ ನಡುವೆ ಒಂದು ಆನೆ ನಿಲ್ಲುವಷ್ಟು ಜಾಗವಿದೆ. ಅಶ್ವತ್ಥಾಮ ಸತ್ತದ್ದು ನಿಜ, ಅದು ಆನೆ ಎನ್ನುವುದನ್ನು ಮೆಲ್ಲಗೆ ಹೇಳಿದ್ದೂ ನಿಜ; ಆದರೂ ನೆಲದಿಂದ ನಾಲ್ಕಂಗುಲ ಮೇಲೆ ಓಡುತ್ತಿದ್ದ ಧರ್ಮರಾಯನ ರಥ ಕೆಳಗಿಳಿಯಿತು. ನನ್ನ ರಥ ಮೊದಲಿನಿಂದಲೂ ನೆಲದ ಮೇಲೇ ಇದ್ದದ್ದರಿಂದ ಸದ್ದೇನೂ ಆಗಲಿಲ್ಲ.

ಅಪ್ಪ ತಿಪಟೂರಿನ ಹತ್ತಿರದ ನಮ್ಮ ಊರಿನಲ್ಲಿದ್ದರು. ಪ್ರೈಮರಿ ಶಾಲೆ ಮೇಷ್ಟ್ರಾಗಿ ನಿವೃತ್ತರಾಗಿ, ನಾಲ್ಕು ಎಕರೆ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದರು. ಅದೇ ವರ್ಷ ಮಾರ್ಚ್ 1ರಿಂದ ಬಿಎಸ್ಸೆನ್ನೆಲ್‌ನ 'ಒನ್ ಇಂಡಿಯಾ' ಯೋಜನೆ ಬಂದು, ದೇಶದ ಯಾವ ಮೂಲೆಗೆ ಮಾತಾಡಿದರೂ ನಿಮಿಷಕ್ಕೆ ಒಂದು ರೂಪಾಯಿ ಆಗಿತ್ತು. ರಾತ್ರಿ ಹತ್ತು ದಾಟಲೆಂದು ಕಾಯುತ್ತಾ ಎಸ್‌ಟಿಡಿ ಬೂತಿನ ಮುಂದೆ ನಿಂತ ಕಾಲ ಮುಗಿದಿತ್ತು. ಅಪ್ಪ ಸಂಜೆ ಹೊತ್ತು ಆರಾಮಾಗಿ ಫೋನು ಮಾಡತೊಡಗಿದರು.

ಮೊದಲ ಸಲ ಯಂತ್ರ ಎತ್ತಿದಾಗ ಗಾಬರಿಯಾಗಿ ಇಟ್ಟುಬಿಟ್ಟರು. ಆಮೇಲೆ ನಾನು ಸಿಕ್ಕಾಗ ಅವರು ಕೇಳಿದ್ದು ಮೇಷ್ಟ್ರ ಲೆಕ್ಕ: "ಮುಂಚೆ ನೀನು ಇಲ್ಲದೇ ಇದ್ರೆ ರಿಂಗ್ ಆಗಿ ಆಗಿ ನಿಂತ್ಹೋಗೋದು, ಕಾಸಿಲ್ಲ. ಈಗ ನೀನಿಲ್ಲ ಅಂತ ಹೇಳಕ್ಕೂ ಒಂದ್ರೂಪಾಯಿ ಕಿತ್ಕೋತಾನಲ್ಲೋ?" ನಕ್ಕುಬಿಟ್ಟೆ. ಈಗ ಯೋಚಿಸಿದರೆ ಅದು ತಮಾಷೆಯ ಪ್ರಶ್ನೆಯಲ್ಲ. ಯಾರೂ ಎತ್ತದ ಫೋನು ಪ್ರಾಮಾಣಿಕ: ಕರೆ ಮುಟ್ಟಿಲ್ಲ ಎಂದು ಎರಡೂ ಕಡೆಯವರಿಗೂ ಗೊತ್ತು, ಯಾರ ಮೇಲೂ ಯಾವ ಭಾರವೂ ಇಲ್ಲ. ಯಂತ್ರ ಎತ್ತಿದ ಕೂಡಲೇ ಕರೆ ಮುಟ್ಟಿದಂತಾಯಿತು, ಬಿಲ್ಲೂ ಆಯಿತು. ಮುಟ್ಟಿದ್ದು ಯಾರಿಗೆ ಎನ್ನುವುದು ಮಾತ್ರ ಉಳಿಯಿತು.

ನನ್ನದು ಆಗ ಅಮೆರಿಕದ ಕ್ಲೈಂಟಿನ ಪ್ರಾಜೆಕ್ಟು. ನಮ್ಮ ಸಂಜೆ ಅವರ ಬೆಳಗು. ಏಳರಿಂದ ಹತ್ತರ ತನಕ ಯಾರ ಕರೆ ಬಂದರೂ ಯಂತ್ರಕ್ಕೆ ಬಿಟ್ಟು, ಅದರ ಸ್ಪೀಕರಿನಲ್ಲಿ ಕೇಳುತ್ತಾ ಕೂರುವುದು ಅಭ್ಯಾಸವಾಯಿತು. ಬ್ಯಾಂಕಿನವನೋ, ಗ್ಯಾಸಿನವನೋ, ಮ್ಯಾನೇಜರೋ ನೋಡಿಕೊಂಡು ಬೇಕಿದ್ದರೆ ಎತ್ತುವುದು. ಇದರಲ್ಲಿ ತಪ್ಪೇನು? ಟೆಲಿಫೋನಿನಷ್ಟು ಮರ್ಯಾದೆಯಿಲ್ಲದ ಅತಿಥಿ ಇನ್ನೊಬ್ಬನಿಲ್ಲ. ಊಟಕ್ಕೆ ಕೂತಿದ್ದರೂ ಎದ್ದು ಬಾ ಎನ್ನುತ್ತಾನೆ. ಕರೆದವರಿಗೆಲ್ಲ ನಾನು ಸಿಗಲೇಬೇಕೆಂಬ ಧರ್ಮ ಯಾವ ಶಾಸ್ತ್ರದಲ್ಲೂ ಇಲ್ಲ. ನಮ್ಮ ಹಿರಿಯರೂ ಹಾಗೆ ಸಿಕ್ಕವರಲ್ಲ. ರಾತ್ರಿ ಹೊತ್ತು ಯಾರಾದರೂ ಹೆಸರು ಹಿಡಿದು ಒಂದು ಸಲ ಕೂಗಿದರೆ ಓಗೊಡಬೇಡ, ಮೂರು ಸಲ ಕೂಗಲಿ ಎನ್ನುತ್ತಿದ್ದಳು ನನ್ನ ಅಜ್ಜಿ. ನಾವು ಹುಡುಗರಾಗಿದ್ದಾಗ ಊರೂರುಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತಿದ್ದರಲ್ಲ, ಅದೂ ಇದೇ. ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲ ಬರಹ ಓದಿ ಹಿಂದಿರುಗುತ್ತದೆ, ನಾಳೆ ಬಂದರೆ ಮತ್ತೆ ಅದೇ ಬರಹ. ನನ್ನ ಯಂತ್ರವೂ ಒಂದು ನಾಳೆ ಬಾ. ಒಂದೇ ತೊಂದರೆ: ದೆವ್ವವನ್ನೂ ಮನೆಯವರನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

2009ರಲ್ಲಿ ತೋಟದ ಬೋರು ಬತ್ತಿತು. ಅದಕ್ಕೆ ಮುಂಚೆ ನುಸಿ ರೋಗ ತಿಂದದ್ದು ತಿಂದಿತ್ತು. ಇನ್ನೊಂದು ಬೋರು ಕೊರೆಸಬೇಕೋ, ಅರ್ಧ ತೋಟ ಮಾರಬೇಕೋ ಎಂಬ ಮಾತು ಮನೆಯಲ್ಲಿ ಸುಳಿಯುತ್ತಿತ್ತು. ಅದು ದುಡ್ಡಿನ ಪ್ರಶ್ನೆಯಾಗಿರಲಿಲ್ಲ. ನಾನು ಯಾವತ್ತಾದರೂ ಊರಿಗೆ ವಾಪಸು ಬರುತ್ತೇನೋ ಇಲ್ಲವೋ ಎಂಬುದೇ ಪ್ರಶ್ನೆ. ಬರುವುದಾದರೆ ಬೋರು, ಇಲ್ಲವಾದರೆ ಮಾರಾಟ. ಅಪ್ಪ ಅದನ್ನು ನೇರ ಕೇಳಿರಲಿಲ್ಲ, ನಾನು ಕೇಳಿಸಿಕೊಳ್ಳುವ ಸಂದರ್ಭ ಕೊಟ್ಟಿರಲಿಲ್ಲ.

ಒಂದು ಸಂಜೆ ಫೋನು ಬಂತು. ಅವತ್ತು ಕ್ಲೈಂಟಿನ ಕರೆ ರದ್ದಾಗಿತ್ತು. ನಾನು ಸೋಫಾದಲ್ಲಿ ಸುಮ್ಮನೆ ಕೂತಿದ್ದೆ, ಹ್ಯಾಂಡ್‌ಸೆಟ್ಟು ಪಕ್ಕದಲ್ಲೇ ಇತ್ತು. ನಾಲ್ಕನೇ ರಿಂಗಿಗೆ ಯಂತ್ರ ಎತ್ತಿತು, ನನ್ನ ದನಿ ನನ್ನ ಪರವಾಗಿ ಮಾತಾಡಿತು, ಬೀಪ್ ಆಯಿತು. ಅಪ್ಪ ಗಂಟಲು ಸರಿಮಾಡಿಕೊಂಡರು. ಯಂತ್ರದ ಮುಂದೆ ಅವರು ಶಾಲೆಯಲ್ಲಿ ಇನ್ಸ್‌ಪೆಕ್ಟರ ಮುಂದೆ ಮಾತಾಡುವವರ ಹಾಗೆ ನಿಧಾನವಾಗಿ ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. "ತೋಟದ ವಿಚಾರ. ನೀನು ಮುಂದಕ್ಕೆ ಬರೋನೋ ಹೆಂಗೋ ಅಂತ ಒಂದ್ಮಾತು ಹೇಳಿದ್ರೆ ನಂಗೆ ಅನುಕೂಲ. ಬರಲ್ಲ ಅಂದ್ರೂ ಬೇಜಾರಿಲ್ಲಪ್ಪ. ಹೇಳು." ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಕೈ ಚಾಚಿದರೆ ಸಾಕಿತ್ತು. "ಸರಿ, ಇಡ್ತೀನಿ" ಎಂದರು.

ನಾನು ವಾಪಸು ಫೋನು ಮಾಡಲಿಲ್ಲ ಎಂದಲ್ಲ. ಮೂರು ದಿನ ಬಿಟ್ಟು ಮಾಡಿದೆ, ಹಬ್ಬದ ವಿಚಾರ, ಅಮ್ಮನ ಮಂಡಿನೋವಿನ ವಿಚಾರ ಮಾತಾಡಿದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ವರ್ಷ ಎರಡು ಎಕರೆ ಮಾರಿದರು.

ಊರಿಗೆ ಹೋದಾಗ, ಆಗ ಐದು ವರ್ಷದವಳಾಗಿದ್ದ ಮಗಳು ತಾತನ ತೊಡೆಯ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟಳು: "ತಾತ, ನೀನು ಫೋನಲ್ಲಿ ಮಾತಾಡ್ವಾಗ ಅಪ್ಪ ಅಲ್ಲೇ ಕೂತ್ಕೊಂಡು ಪೂರ್ತಿ ಕೇಳಿಸ್ಕೊಂಡ್ರು. ಎತ್ಲೇ ಇಲ್ಲ." ನಾನು ತಟ್ಟೆ ನೋಡುತ್ತಾ ಕೂತೆ. ಅಪ್ಪ ಅವಳ ತಲೆ ಸವರಿ, "ಕೇಳಿಸ್ಕೊಂಡ್ನಲ್ಲಮ್ಮ, ಸಾಕು ಬಿಡು" ಎಂದರು.

ಆ 'ಸಾಕು' ನನ್ನನ್ನು ಹದಿನೈದು ವರ್ಷದಿಂದ ಕೊರೆಯುತ್ತಿದೆ. ಸಾಕೇ? ಕೇಳಿಸಿಕೊಂಡರೆ ಸಾಕೇ?

ನಾನು ಓದಿದ್ದು ನೆಟ್‌ವರ್ಕು. ಅಲ್ಲಿ ಈ ಪ್ರಶ್ನೆ ಹಳೆಯದು. ಸಾಲ್ಟ್ಜರ್, ರೀಡ್, ಕ್ಲಾರ್ಕ್ ಎಂಬ ಮೂವರು ಬರೆದು 1984ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಬಂಧವೊಂದಿದೆ. ಅದರ ಸಾರವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಸಂದೇಶ ಆ ಕಡೆಯ ಯಂತ್ರಕ್ಕೆ ಮುಟ್ಟಿತು ಎಂದು ದಾರಿಯಲ್ಲಿರುವ ಯಂತ್ರಗಳು ಎಷ್ಟೇ ರಸೀತಿ ಕೊಟ್ಟರೂ ಕಳಿಸಿದವನಿಗೆ ಅದರಿಂದ ದೊಡ್ಡ ಪ್ರಯೋಜನವಿಲ್ಲ, ಅವನಿಗೆ ಬೇಕಾದದ್ದು ಸಂದೇಶ ಕಂಡು ಆ ಕಡೆಯವನು ಮಾಡಬೇಕಾದದ್ದನ್ನು ಮಾಡಿದನೇ ಎಂಬುದು. ಆ ರಸೀತಿಯನ್ನು ತುದಿಯಲ್ಲಿ ಇರುವವನೇ ಕೊಡಬೇಕು, ನಡುವಿನವರು ಕೊಡಲಾಗದು. ಪರೀಕ್ಷೆಯಲ್ಲಿ ಇದನ್ನು ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಮನೆಯಲ್ಲಿ ಬೀಪನ್ನೇ ರಸೀತಿಯೆಂದು ಅಪ್ಪನಿಗೆ ಕೊಟ್ಟೆ.

ಕನ್ನಡದಲ್ಲಿ ಇದಕ್ಕೆ ಸಲೀಸಾದ ಮಾತಿದೆ: ಓಗೊಡುವುದು. ಉತ್ತರಿಸುವುದು ಬೇರೆ, ಓಗೊಡುವುದು ಬೇರೆ. ಉತ್ತರ ಗೊತ್ತಿದ್ದರೆ ಮಾತ್ರ ಕೊಡಬಹುದು. ಓಗೊಡಲು ಏನೂ ಗೊತ್ತಿರಬೇಕಿಲ್ಲ. ಹಿತ್ತಿಲಿನಿಂದ ಅಮ್ಮ ಕೂಗಿದರೆ, ಏಕೆ ಕೂಗಿದಳೆಂದು ತಿಳಿಯುವ ಮೊದಲೇ ಬಾಯಿಂದ 'ಓ' ಬರುತ್ತದೆ. ಇದ್ದೇನೆ, ನಿನ್ನ ಕಡೆ ತಿರುಗಿದ್ದೇನೆ, ಮುಂದಿನದು ಆಮೇಲೆ ಎಂದು ಅದರ ಅರ್ಥ. ತೋಟದ ಪ್ರಶ್ನೆಗೆ ಅವತ್ತು ನನ್ನ ಬಳಿ ಉತ್ತರವಿರಲಿಲ್ಲ, ಅದು ಅಪರಾಧವಲ್ಲ. "ಅಪ್ಪಾ, ಗೊತ್ತಾಗ್ತಿಲ್ಲ" ಎನ್ನಲು ಆರು ಸೆಕೆಂಡು ಬೇಕಿತ್ತು. ಅದನ್ನು ನಾನು ಉಳಿಸಿಕೊಂಡೆ. ಮತ್ತು ಉತ್ತರ ಕೊಡದೆ ಇದ್ದೆ ಎನ್ನುವುದೂ ನಿಜವಲ್ಲ. ಬರುವುದಿಲ್ಲ ಎಂದು ಹೇಳಿದ್ದೆ. ಆದರೆ ಹೇಳಿದವನು ನಾನಲ್ಲ ಎಂಬಂತೆ ಹೇಳಿದ್ದೆ. ಮಾರಿದವರು ಅವರು, ಕ್ರಯಪತ್ರದ ಮೇಲಿನ ಸಹಿ ಅವರದು, ಊರಿನವರ ಮಾತು ಕೇಳಿದವರೂ ಅವರೇ.

ಯಂತ್ರದ ಪರವಾಗಿಯೂ ಒಂದು ಮಾತು ಹೇಳಬೇಕು. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ 1898ರಲ್ಲಿ ಉಕ್ಕಿನ ತಂತಿಯ ಮೇಲೆ ದನಿಯನ್ನು ಅಯಸ್ಕಾಂತದಿಂದ ಹಿಡಿದಿಡುವ ಉಪಕರಣ ಮಾಡಿದಾಗ ಅವನ ತಲೆಯಲ್ಲಿದ್ದ ಉಪಯೋಗಗಳಲ್ಲಿ ಇದೂ ಒಂದು: ಮನೆಯಲ್ಲಿಲ್ಲದವರಿಗೆ ಟೆಲಿಫೋನ್ ಸಂದೇಶ ಉಳಿಸುವುದು. 1930ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲೂ ಇಂಥ ಯಂತ್ರ ತಯಾರಾಗಿತ್ತು. ಮಾತು ದಾಖಲಾಗುತ್ತದೆಂದರೆ ಜನ ಫೋನಿನಲ್ಲಿ ಮನಬಿಚ್ಚಿ ಮಾತಾಡುವುದನ್ನೇ ಬಿಟ್ಟಾರು ಎಂಬ ಅಳುಕಿನಿಂದ ಕಂಪನಿ ಅದನ್ನು ಹೊರಗೆ ಬಿಡಲಿಲ್ಲ ಎಂದು ಇತಿಹಾಸಕಾರರು ಬರೆಯುತ್ತಾರೆ. ಅಪ್ಪನ ವಿಷಯದಲ್ಲಿ ಆದದ್ದು ತಿರುಗುಮುರುಗು. ನನ್ನೊಡನೆ ನೇರವಾಗಿ ಆಡಲಾಗದ ಮಾತನ್ನು ಅವರು ಯಂತ್ರದೊಡನೆ ಆಡಿದರು. ತಿಂಗಳಿಗೊಂದೆರಡು ಸಲ, ನಾನು ಆಫೀಸಿನಲ್ಲಿರುವ ಹೊತ್ತು ನೋಡಿಕೊಂಡೇ ಮಾಡುತ್ತಿದ್ದರು ಎಂದು ನನ್ನ ಅನುಮಾನ. "ಏನಿಲ್ಲ, ಸುಮ್ನೆ ಮಾಡ್ದೆ. ಇಲ್ಲಿ ಮಳೆ ಬಂತು." ಒಂದು ಸಲ, ತಾವು ಹುಡುಗರಿಗೆ ತುಂಬ ಹೊಡೆಯುತ್ತಿದ್ದದ್ದು ಈಗ ರಾತ್ರಿ ನೆನಪಾಗುತ್ತದೆ ಎಂದರು. ಎದುರಿಗೆ ನಾನಿದ್ದಿದ್ದರೆ ಆ ಮಾತು ಬರುತ್ತಿರಲಿಲ್ಲ. ಅದಕ್ಕೂ ನಾನು ಓಗೊಡಲಿಲ್ಲ. ಆದರೆ ಅದನ್ನು ಅಳಿಸಲೂ ಇಲ್ಲ.

2013ರಲ್ಲಿ ಅಪ್ಪ ಹೋದರು. ಯಂತ್ರದಲ್ಲಿ ಅವರ ಐದು ಸಂದೇಶಗಳಿದ್ದವು. ಕರೆಂಟು ಹೋಗಿ ಬಂದಾಗಲೆಲ್ಲ ಅದರ ಗಡಿಯಾರ ಭಾನುವಾರ ಮಧ್ಯರಾತ್ರಿಗೆ ಹಿಂದಿರುಗುತ್ತಿತ್ತು, ಸರಿಮಾಡಲು ನನಗೆ ಪುರಸೊತ್ತಿರಲಿಲ್ಲ. ಹಾಗಾಗಿ ಅದರ ಲೆಕ್ಕದಲ್ಲಿ ಅಪ್ಪನ ಕರೆಗಳೆಲ್ಲ ಬಂದದ್ದು ಭಾನುವಾರವೇ.

ಮುಂದಿನ ವರ್ಷ ಅಮ್ಮ ಚೆನ್ನೈಗೆ ಬಂದಾಗ, ಆಟವಾಡುತ್ತಿದ್ದ ಮಗಳು ಬಟನ್ ಒತ್ತಿಬಿಟ್ಟಳು. "ಏನಿಲ್ಲ, ಸುಮ್ನೆ ಮಾಡ್ದೆ" ಎಂದರು ಅಪ್ಪ. ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತದೆ, "ಹ್ಞಾಂ, ಬಂದೇರೀ" ಎಂದಳು. ಎದ್ದು ನಿಂತ ಮೇಲೆ ಅವಳಿಗೆ ಗೊತ್ತಾಯಿತು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, "ಇದನ್ನ ಹಿಂಗೆಲ್ಲ ಇಟ್ಕೋಬಾರದು ಕಣೋ" ಎಂದಳು. ಮಾರನೇ ದಿನ ತಾನೇ ಬಂದು, "ಇನ್ನೊಂದು ಸಲ ಹಾಕು" ಎಂದಳು.

ಎರಡರಲ್ಲಿ ಯಾವುದು ಸರಿ? ಲಂಡನ್ನಿನ ಎಂಬ್ಯಾಂಕ್‌ಮೆಂಟ್ ಸ್ಟೇಷನ್ನಿನಲ್ಲಿ ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿಯ ಬಗ್ಗೆ ಎಚ್ಚರಿಸುವ ದನಿ ಓಸ್ವಾಲ್ಡ್ ಲಾರೆನ್ಸ್ ಎಂಬ ನಟನದು. ಅವನು 2007ರಲ್ಲಿ ತೀರಿಕೊಂಡ. ಅವನ ಹೆಂಡತಿ ಆ ದನಿ ಕೇಳಲೆಂದೇ ಅಲ್ಲಿ ಹೋಗಿ ಕೂರುತ್ತಿದ್ದಳು. 2012ರಲ್ಲಿ ಹೊಸ ವ್ಯವಸ್ಥೆ ಬಂದು ಆ ದನಿ ನಿಂತಿತು. ಆಕೆ ವಿಚಾರಿಸಿದ ಮೇಲೆ, 2013ರಲ್ಲಿ ಅದೊಂದು ಪ್ಲಾಟ್‌ಫಾರ್ಮಿಗೆ ಹಳೆಯ ದನಿಯನ್ನು ವಾಪಸು ತಂದರು. ಆ ಸುದ್ದಿ ಓದಿದಾಗ ಕಣ್ಣು ತುಂಬಿತ್ತು. ಆಮೇಲೆ ಯೋಚಿಸಿದೆ: ಆಕೆಗೂ ನನಗೂ ಒಂದು ವ್ಯತ್ಯಾಸವಿದೆ. ಆ ದನಿ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ನನ್ನ ಯಂತ್ರದೊಳಗಿನ ದನಿ 'ಹೇಳು' ಎನ್ನುತ್ತಿತ್ತು. ಅದನ್ನು ಕಾಪಾಡಿಕೊಂಡದ್ದು ಪ್ರೀತಿಯಿಂದಲೋ, ಬಾಕಿ ತೀರಿಸದೆ ಬರೀ ಸಾಲಪತ್ರವನ್ನು ಜೋಪಾನ ಮಾಡುವವನ ಹಾಗೋ?

ಇದನ್ನು ನಾನು ತೀರ್ಮಾನಿಸುವ ಮೊದಲೇ ಮಳೆ ತೀರ್ಮಾನಿಸಿತು. 2015ರ ಡಿಸೆಂಬರ್ 1ರ ರಾತ್ರಿ ಅಡ್ಯಾರ್ ನದಿ ಉಕ್ಕಿ ಚೆನ್ನೈ ಮುಳುಗಿತು. ನಾವಿದ್ದ ನಂಗನಲ್ಲೂರಿನ ಬೀದಿಯಲ್ಲಿ ಮನೆಯೊಳಗೆ ನೀರು ಬರಲಿಲ್ಲ. ಕರೆಂಟು ನಾಲ್ಕು ದಿನ ಬರಲಿಲ್ಲ. ಮೊಬೈಲುಗಳು ಎರಡನೇ ದಿನಕ್ಕೆ ಸತ್ತವು. ಕಾರ್ಡ್‌ಲೆಸ್ ಬೇಸಿನ ದೀಪ ಆರಿತು. ಹೆಂಡತಿ ಎಸೆಯಲು ಬಿಡದೆ ಇಟ್ಟಿದ್ದ ಹಳೇ ತಂತಿಯ ಫೋನನ್ನು ಗೋಡೆಗೆ ಸಿಕ್ಕಿಸಿದರೆ ಡಯಲ್ ಟೋನು ಬಂತು. ಅದಕ್ಕೆ ನಮ್ಮ ಮನೆಯ ಕರೆಂಟು ಬೇಕಿಲ್ಲ; ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ 48 ವೋಲ್ಟು ಆ ತಂತಿಯಲ್ಲೇ ಬರುತ್ತದೆ. ನಾಲ್ಕು ದಿನ ಅಕ್ಕಪಕ್ಕದವರೆಲ್ಲ ನಮ್ಮ ಮನೆಯಲ್ಲಿ ಸಾಲು ನಿಂತರು. ಅವರಿಗಾಗಿ ಹೊರಗಿನಿಂದ ಬಂದ ಪ್ರತಿ ಕರೆಯನ್ನೂ ಮೊದಲನೇ ರಿಂಗಿಗೇ ಎತ್ತಿದೆ. ಯಾರೋ ಕೊಯಮತ್ತೂರಿನಿಂದ, ಯಾರೋ ದುಬೈಯಿಂದ. ನಾನು 'ಹಲೋ' ಎಂದರೆ ಸಾಕು, ಆ ಕಡೆಯವರ ಉಸಿರು ಸಡಿಲವಾಗುವುದು ಕೇಳಿಸುತ್ತಿತ್ತು. ಸುದ್ದಿ ಆಮೇಲೆ, ಮೊದಲು ಒಬ್ಬ ಮನುಷ್ಯ ಎತ್ತಿದನಲ್ಲ, ಅದು.

ಕರೆಂಟು ಬಂದ ಮೇಲೆ ಬೇಸನ್ನು ನೋಡಿದೆ. ಭಾನುವಾರ, ಮಧ್ಯರಾತ್ರಿ, ಸಂದೇಶ ಸೊನ್ನೆ. ಹೊಟ್ಟೆಯೊಳಗಿನ ಒಂಬತ್ತು ವೋಲ್ಟಿನ ಬ್ಯಾಟರಿ ಯಾವತ್ತೋ ಸೋರಿ ಹಸಿರುಗಟ್ಟಿತ್ತು. ವರ್ಷಕ್ಕೊಮ್ಮೆ ಬದಲಿಸಿ ಎಂದು ಪುಸ್ತಿಕೆಯಲ್ಲಿ ಬರೆದಿತ್ತು. ಅಂಗಡಿಯವನದೂ ತಪ್ಪಲ್ಲ, ಯಂತ್ರದ್ದೂ ಅಲ್ಲ. ಅಮ್ಮನಿಗೆ ಹೇಳಿದೆ. "ಹೋಗ್ಲಿ ಬಿಡು, ಅವ್ರಿಗೂ ಎಷ್ಟು ಸಲ ಅಂತ ಅದನ್ನೇ ಹೇಳಿ ಸಾಕಾಗಿತ್ತೇನೋ" ಎಂದಳು.

ಕರೆದವರಿಗೆಲ್ಲ ಸಿಗಬೇಕೆಂದು ನಾನು ಈಗಲೂ ನಂಬುವುದಿಲ್ಲ. ಅಪರಿಚಿತ ನಂಬರು ಎತ್ತುವುದಿಲ್ಲ, ಮೀಟಿಂಗಿನಲ್ಲಿ ಫೋನನ್ನು ಮಗುಚಿ ಹಾಕುತ್ತೇನೆ. ಒಂದೇ ಒಂದು ನಿಯಮ ಇಟ್ಟುಕೊಂಡಿದ್ದೇನೆ: ನನ್ನ ಮಾತಿಗಾಗಿ ಕಾದು ಯಾವುದೋ ತೀರ್ಮಾನವನ್ನು ತಡೆಹಿಡಿದಿರುವವರು ಕರೆದರೆ, ಎತ್ತಿ, "ಈಗ ಆಗಲ್ಲ, ಒಂಬತ್ತಕ್ಕೆ ಮಾಡ್ತೀನಿ" ಎಂದಾದರೂ ನನ್ನ ಬಾಯಿಂದಲೇ ಹೇಳುವುದು. ಇಲ್ಲ ಎನ್ನುವುದಾದರೂ ನಾನೇ ಎನ್ನುವುದು. ಪಾಲಿಸಿದ್ದಕ್ಕಿಂತ ತಪ್ಪಿದ್ದೇ ಹೆಚ್ಚು.

ಉಳಿದ ಎರಡು ಎಕರೆ ಹಾಗೇ ಇದೆ. ಕಳೆದ ತಿಂಗಳು ಅಮ್ಮ ಫೋನು ಮಾಡಿ ಅದೇ ಪ್ರಶ್ನೆ ಕೇಳಿದಳು, ಬರ್ತೀಯೋ ಹೆಂಗೋ ಎಂದು. ನಾನು ಮೀಟಿಂಗಿನಿಂದ ಎದ್ದು ಹೊರಗೆ ಬಂದು, "ಗೊತ್ತಿಲ್ಲಮ್ಮ" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಾನೂ ಇಡದೆ ನಿಂತಿದ್ದೆ.